ಅಂಗಿ, ವದಂತಿ ಮತ್ತು ಬೆಂಕಿ



ಯಾವುದಾದರೂ ಮಹಾನಗರದಲ್ಲಿ ಗಲಭೆಯೆದ್ದ ಮರುದಿನ ಎರಡು ಮಾತುಗಳು ತಪ್ಪದೆ ಕೇಳಿಬರುತ್ತವೆ. ಇದೆಲ್ಲ ಮೊಬೈಲಿನಿಂದಾದ ಅನಾಹುತ ಎಂಬುದು ಒಂದು. ಆ ಹುಡುಗರ ವೇಷಭೂಷಣ ನೋಡಿದರೇ ಸಾಕು, ಅವರೆಂಥವರೆಂದು ತಿಳಿಯುತ್ತದೆ ಎಂಬುದು ಇನ್ನೊಂದು. ಎರಡೂ ಮಾತುಗಳನ್ನು ಆಡುವುದು ಸುಲಭ. ಒಪ್ಪುವುದು ಇನ್ನೂ ಸುಲಭ. ಆದರೆ ಇತಿಹಾಸದ ಮೇಷ್ಟ್ರಾಗಿದ್ದವನಿಗೆ ಯಾವ ಮಾತನ್ನೂ ಹಾಗೆ ಸುಮ್ಮನೆ ಒಪ್ಪುವ ಅಭ್ಯಾಸವಿರುವುದಿಲ್ಲ. ಆದ್ದರಿಂದ 2011ರ ಆಗಸ್ಟ್ ತಿಂಗಳಿನಲ್ಲಿ ಇಂಗ್ಲೆಂಡಿನ ನಗರಗಳನ್ನು ಸುಟ್ಟ ಗಲಭೆಗಳನ್ನು ಮುಂದಿಟ್ಟುಕೊಂಡು ಈ ಎರಡು ಮಾತುಗಳನ್ನೂ ಸ್ವಲ್ಪ ಒರೆಗೆ ಹಚ್ಚಿ ನೋಡೋಣವೆನಿಸಿತು.

ಮೊದಲು ಒಂದು ಹಳೆಯ ಪಾಠವನ್ನು ನೆನಪಿಸುತ್ತೇನೆ. 1857ರ ಆರಂಭದ ತಿಂಗಳುಗಳಲ್ಲಿ ಉತ್ತರ ಭಾರತದ ಹಳ್ಳಿಗಳಲ್ಲಿ ಚಪಾತಿಗಳು ಹಂಚಿಕೆಯಾದ ಸಂಗತಿಯನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನಿಂದ ನಗು ಕೇಳಿಬರುತ್ತಿತ್ತು. ಒಂದು ಊರಿನ ಕಾವಲುಗಾರ ಪಕ್ಕದ ಊರಿನವನಿಗೆ ಚಪಾತಿ ಕೊಡುತ್ತಾನೆ. ಆತ ಇನ್ನಷ್ಟು ಮಾಡಿಸಿ ಮುಂದಿನ ಊರುಗಳಿಗೆ ಕಳಿಸಬೇಕು. ಅದರ ಅರ್ಥವೇನೆಂದು ಕೊಟ್ಟವನಿಗೂ ತಿಳಿಯದು, ಪಡೆದವನಿಗೂ ತಿಳಿಯದು. ಕಂಪನಿಯ ಅಧಿಕಾರಿಗಳಂತೂ ತಲೆ ಕೆಡಿಸಿಕೊಂಡರು. ‘ಬಂದದ್ದನ್ನು ಹತ್ತು ಮಂದಿಗೆ ಕಳಿಸಿ’ ಎನ್ನುವ ಇಂದಿನ ಮೊಬೈಲ್ ಸಂದೇಶಕ್ಕೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಹಾಗೆಂದು 1857ರ ಬಂಡಾಯಕ್ಕೆ ಚಪಾತಿಯೇ ಕಾರಣವೆಂದು ಪರೀಕ್ಷೆಯಲ್ಲಿ ಬರೆದವರಿಗೆ ನಾನು ಅಂಕ ಕೊಟ್ಟವನಲ್ಲ. ಕಾರಣ ಬೇರೆ, ವಾಹಕ ಬೇರೆ.

ಇನ್ನು ವೇಷದ ಮಾತು. ಇದಕ್ಕೆ ಅತ್ಯಂತ ಸ್ಪಷ್ಟವಾದ ಉದಾಹರಣೆ ಲಂಡನ್ನಿನದಲ್ಲ, ಅಮೆರಿಕದ ಲಾಸ್ ಏಂಜಲೀಸ್ ನಗರದ್ದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಮೆಕ್ಸಿಕನ್ ಮೂಲದ ತರುಣರು ‘ಜೂಟ್ ಸೂಟ್’ ಎಂಬ ಉಡುಪನ್ನು ಧರಿಸುತ್ತಿದ್ದರು. ಮೊಳಕಾಲಿನವರೆಗೆ ಇಳಿಬಿದ್ದ ಕೋಟು, ಅಗಲವಾದ ಭುಜ, ಮೇಲೆ ದೊಗಲೆಯಾಗಿ ಕಣಕಾಲಿನ ಬಳಿ ಬಿಗಿಯಾದ ಷರಾಯಿ. ಕರಿಯರ ಜಾಜ್ ನೃತ್ಯಶಾಲೆಗಳಿಂದ ಬಂದ ಮೋಡಿ ಅದು. 1942ರಲ್ಲಿ ಸರಕಾರ ಯುದ್ಧಕ್ಕೆಂದು ಉಣ್ಣೆಯ ಬಟ್ಟೆಗೆ ಮಿತಿ ಹಾಕಿತು. ಅಂದಿನಿಂದ ಆ ದೊಗಲೆ ಕೋಟು ಬರಿಯ ಶೋಕಿಯಾಗಿ ಉಳಿಯಲಿಲ್ಲ, ದೇಶದ್ರೋಹದ ಗುರುತಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ನಡೆದ ಒಂದು ಕೊಲೆಯ ಸಂಬಂಧ ಆ ಸಮುದಾಯದ ಹುಡುಗರನ್ನು ಗುಂಪುಗುಂಪಾಗಿ ಹಿಡಿದರು. 1943ರ ಜನವರಿಯಲ್ಲಿ 17 ಮಂದಿಗೆ ಶಿಕ್ಷೆಯಾಯಿತು. ವಿಚಾರಣೆಯ ಕಾಲದಲ್ಲಿ ಅವರಿಗೆ ಬಟ್ಟೆ ಬದಲಿಸಲು, ಕೂದಲು ಕತ್ತರಿಸಿಕೊಳ್ಳಲು ಬಹಳ ದಿನ ಅವಕಾಶ ಕೊಟ್ಟಿರಲಿಲ್ಲವೆಂಬುದನ್ನು ಗಮನಿಸಬೇಕು. ನ್ಯಾಯದರ್ಶಿಗಳ ಕಣ್ಣಿಗೆ ಅವರು ‘ಅಂಥವರು’ ಎಂದು ಕಾಣಬೇಕಿತ್ತು. 1944ರ ಅಕ್ಟೋಬರಿನಲ್ಲಿ ಮೇಲಿನ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದುಗೊಳಿಸಿತು. ಆದರೆ ಅಷ್ಟರೊಳಗೆ, 1943ರ ಜೂನ್ ಮೊದಲ ವಾರದಲ್ಲಿ, ನೌಕಾಪಡೆಯ ಸೈನಿಕರು ಟ್ಯಾಕ್ಸಿಗಳಲ್ಲಿ ಸಾಲುಗಟ್ಟಿ ಬಂದು ಚಿತ್ರಮಂದಿರಗಳಿಂದ, ಟ್ರಾಮುಗಳಿಂದ ಹುಡುಗರನ್ನು ಎಳೆದು ಹೊಡೆದು, ಬೀದಿಯಲ್ಲಿ ಅವರ ಬಟ್ಟೆ ಕಳಚಿ ಸುಟ್ಟುಹಾಕಿದ್ದರು. ಪತ್ರಿಕೆಗಳು ಇದನ್ನು ಶುದ್ಧೀಕರಣವೆಂಬಂತೆ ಕೊಂಡಾಡಿದವು. ಪೊಲೀಸರು ಹಿಡಿದದ್ದು ಹೆಚ್ಚಾಗಿ ಪೆಟ್ಟು ತಿಂದವರನ್ನು. ಕೊನೆಗೆ ಸೇನಾಧಿಕಾರಿಗಳೇ ಸೈನಿಕರು ನಗರ ಪ್ರವೇಶಿಸದಂತೆ ಆಜ್ಞೆ ಹೊರಡಿಸಿದ ಮೇಲೆ ಗಲಭೆ ತಣ್ಣಗಾಯಿತು. ಆಗ ನಗರಸಭೆ ಚರ್ಚಿಸಿದ್ದೇನು ಗೊತ್ತೆ? ಜೂಟ್ ಸೂಟನ್ನು ನಿಷೇಧಿಸುವುದು ಹೇಗೆಂದು!

ಇಂಗ್ಲೆಂಡಿನಲ್ಲಿ ಇದರ ಹಗುರವಾದ ಆವೃತ್ತಿಯೊಂದು 1964ರಲ್ಲಿ ನಡೆಯಿತು. ಇಟಾಲಿಯನ್ ಸ್ಕೂಟರು, ಒಪ್ಪವಾದ ಸೂಟಿನ ‘ಮಾಡ್’ಗಳು ಒಂದು ಕಡೆ; ಮೋಟಾರ್ ಸೈಕಲ್ಲು, ಚರ್ಮದ ಜಾಕೆಟ್ಟಿನ ‘ರಾಕರ್’ಗಳು ಇನ್ನೊಂದು ಕಡೆ. ರಜೆಯ ದಿನಗಳಲ್ಲಿ ಕ್ಲಾಕ್ಟನ್, ಬ್ರೈಟನ್, ಮಾರ್ಗೇಟ್ ಮುಂತಾದ ಕಡಲತೀರದ ಊರುಗಳಲ್ಲಿ ಇವರ ನಡುವೆ ಕೈಕೈ ಮಿಲಾಯಿಸಿತು. ಕುರ್ಚಿಗಳು ಮುರಿದವು, ಗಾಜು ಒಡೆಯಿತು. ಪತ್ರಿಕೆಗಳು ಮಾತ್ರ ಮಹಾಯುದ್ಧವೇ ನಡೆದಂತೆ ಬರೆದವು. ಸ್ಟ್ಯಾನ್ಲಿ ಕೋಹೆನ್ ಎಂಬ ಸಮಾಜಶಾಸ್ತ್ರಜ್ಞ ಇದನ್ನು ಅಭ್ಯಸಿಸಿ 1972ರಲ್ಲಿ ಒಂದು ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ. ಸಮಾಜವು ತನ್ನ ಅಂಜಿಕೆಗೆ ಒಂದು ಮುಖವನ್ನು ಹುಡುಕುತ್ತದೆ, ಪತ್ರಿಕೆ ಆ ಮುಖಕ್ಕೆ ಬಣ್ಣ ಬಳಿಯುತ್ತದೆ, ಆ ಹುಡುಗರೂ ಕೊನೆಗೆ ತಮಗೆ ಕೊಟ್ಟ ಪಾತ್ರವನ್ನೇ ಅಭಿನಯಿಸತೊಡಗುತ್ತಾರೆ ಎಂಬುದು ಆತನ ವಾದದ ತಿರುಳು. ಅಧ್ಯಾಪಕ ವೃತ್ತಿಯಲ್ಲಿದ್ದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಪುಂಡ’ ಎಂದು ಸ್ಟಾಫ್ ರೂಮಿನಲ್ಲಿ ಹೆಸರು ಬಿದ್ದ ಹುಡುಗ ಎಷ್ಟು ಬೇಗ ಪುಂಡನಾಗುತ್ತಾನೆಂಬುದನ್ನು ನಾವೆಲ್ಲ ಕಂಡಿದ್ದೇವೆ. ನಮ್ಮ ಕಾಲದಲ್ಲಿ ಬೆಲ್‌ಬಾಟಮ್ಮು, ಕಿವಿ ಮುಚ್ಚುವ ಕೂದಲು ಇದ್ದವರೆಲ್ಲ ಉಡಾಳರೆಂದು ಹಿರಿಯರು ತೀರ್ಮಾನಿಸಿದ್ದರು. ಅವರಲ್ಲಿ ಹಲವರು ಇಂದು ಮೊಮ್ಮಕ್ಕಳ ಹರಿದ ಜೀನ್ಸ್ ನೋಡಿ ಮುಖ ಸಿಂಡರಿಸುತ್ತಿದ್ದಾರೆ. ಇರಲಿ.

ಈಗ ಟಾಟನ್‌ಹ್ಯಾಮ್‌ಗೆ ಬರೋಣ. ಉತ್ತರ ಲಂಡನ್ನಿನ ಈ ಪ್ರದೇಶವನ್ನು ಅರಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1948ರ ಜೂನ್ 22ರಂದು ‘ಎಂಪೈರ್ ವಿಂಡ್ರಷ್’ ಎಂಬ ಹಡಗು ಕೆರಿಬಿಯನ್ ದ್ವೀಪಗಳ ನೂರಾರು ಜನರನ್ನು ಟಿಲ್ಬರಿಯಲ್ಲಿ ಇಳಿಸಿತು. ಯುದ್ಧಾನಂತರ ಬ್ರಿಟನ್ನಿಗೆ ಬಸ್ಸು, ರೈಲು, ಆಸ್ಪತ್ರೆಗಳಲ್ಲಿ ದುಡಿಯುವ ಕೈ ಬೇಕಿತ್ತು. ಬಂದವರು ದುಡಿದರು. ಅವರ ಮಕ್ಕಳು ಇಂಗ್ಲೆಂಡಿನಲ್ಲೇ ಹುಟ್ಟಿ ಬೆಳೆದರೂ ಪೊಲೀಸರ ಕಣ್ಣಿಗೆ ಮಾತ್ರ ಶಂಕಿತರಾಗಿಯೇ ಉಳಿದರು. 1981ರ ಏಪ್ರಿಲಿನಲ್ಲಿ ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ‘ಸ್ವಾಂಪ್ 81’ ಎಂಬ ಕಾರ್ಯಾಚರಣೆ ನಡೆಸಿ, ಒಂದು ವಾರದೊಳಗೆ ಸುಮಾರು ಸಾವಿರ ಮಂದಿಯನ್ನು ಬೀದಿಯಲ್ಲಿ ತಡೆದು ತಪಾಸಣೆ ಮಾಡಿದರು. ಬ್ರಿಕ್ಸ್‌ಟನ್ ಹೊತ್ತಿ ಉರಿಯಿತು. ವಿಚಾರಣೆ ನಡೆಸಿದ ಲಾರ್ಡ್ ಸ್ಕಾರ್ಮನ್, ಇದು ಪೊಲೀಸರ ವಿರುದ್ಧ ಕೂಡಿಟ್ಟ ಅಸಮಾಧಾನದ ಸ್ಫೋಟವೆಂದು ಬರೆದರು. ನಾಲ್ಕು ವರ್ಷಗಳ ನಂತರ, 1985ರ ಅಕ್ಟೋಬರ್ 5ರಂದು, ಟಾಟನ್‌ಹ್ಯಾಮ್‌ನಲ್ಲಿ ಪೊಲೀಸರು ಮನೆ ಶೋಧಿಸುತ್ತಿದ್ದಾಗ ಸಿಂಥಿಯಾ ಜ್ಯಾರೆಟ್ ಎಂಬ ಮಹಿಳೆ ಹೃದಯಾಘಾತದಿಂದ ತೀರಿಕೊಂಡರು. ಮರುದಿನ ಬ್ರಾಡ್‌ವಾಟರ್ ಫಾರ್ಮ್ ವಸತಿ ಸಮುಚ್ಚಯದಲ್ಲಿ ಎದ್ದ ಗಲಭೆಯಲ್ಲಿ ಕೀತ್ ಬ್ಲೇಕ್‌ಲಾಕ್ ಎಂಬ ಕಾನ್‌ಸ್ಟೇಬಲನನ್ನು ಗುಂಪು ಬರ್ಬರವಾಗಿ ಕೊಂದಿತು. ಆಗ ಯಾರ ಜೇಬಿನಲ್ಲೂ ಮೊಬೈಲ್ ಇರಲಿಲ್ಲ. ಎರಡೂ ಸಾವುಗಳನ್ನು ಆ ಬಡಾವಣೆ ಮರೆತಿರಲಿಲ್ಲ, ಪೊಲೀಸರೂ ಮರೆತಿರಲಿಲ್ಲ.

2011ರ ಆಗಸ್ಟ್ 4, ಗುರುವಾರ. ಅದೇ ಬ್ರಾಡ್‌ವಾಟರ್ ಫಾರ್ಮ್‌ನಲ್ಲಿ ಬೆಳೆದ 29 ವರ್ಷದ ಮಾರ್ಕ್ ಡಗನ್ ಟ್ಯಾಕ್ಸಿಯಲ್ಲಿ ಹೋಗುತ್ತಿದ್ದಾಗ ಶಸ್ತ್ರಸಜ್ಜಿತ ಪೊಲೀಸರು ವಾಹನವನ್ನು ಅಡ್ಡಗಟ್ಟಿದರು. ಗುಂಡೇಟಿಗೆ ಆತ ಸತ್ತ. ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸುವ ಸ್ವತಂತ್ರ ಆಯೋಗವೇ ಎರಡೂ ಕಡೆಯಿಂದ ಗುಂಡು ಹಾರಿತೆಂಬ ಅರ್ಥ ಬರುವಂತೆ ಪತ್ರಕರ್ತರಿಗೆ ಹೇಳಿತು. ಅದು ನಿಜವಲ್ಲ, ಆತ ಗುಂಡು ಹಾರಿಸಿರಲಿಲ್ಲ. ಪೊಲೀಸನೊಬ್ಬನ ರೇಡಿಯೊಗೆ ಹೊಕ್ಕಿದ್ದ ಗುಂಡು ಪೊಲೀಸರದ್ದೇ. ಆಯೋಗ ಇದನ್ನು ಒಪ್ಪಿಕೊಳ್ಳುವ ಹೊತ್ತಿಗೆ ಅರ್ಧ ಇಂಗ್ಲೆಂಡ್ ಸುಟ್ಟಿತ್ತು. ಆ ಗಲಭೆಯ ಮೊದಲ ಸುಳ್ಳು ಸುದ್ದಿ ಯಾವ ಪುಂಡನ ಮೊಬೈಲಿನಿಂದಲೂ ಹೊರಟದ್ದಲ್ಲ, ಸರಕಾರಿ ಕಚೇರಿಯೊಂದರಿಂದ ಹೊರಟದ್ದು ಎಂಬುದನ್ನು ನೀವು ನೆನಪಿನಲ್ಲಿಡಬೇಕು.

ಶನಿವಾರ, ಆಗಸ್ಟ್ 6ರ ಸಂಜೆ, ಡಗನ್‌ನ ಕುಟುಂಬದವರೂ ನೆರೆಹೊರೆಯವರೂ ಶಾಂತವಾಗಿ ಟಾಟನ್‌ಹ್ಯಾಮ್ ಪೊಲೀಸ್ ಠಾಣೆಯವರೆಗೆ ನಡೆದು ಬಂದರು. ಅವರು ಕೇಳಿದ್ದು ಬಹಳವಲ್ಲ: ಹಿರಿಯ ಅಧಿಕಾರಿಯೊಬ್ಬರು ಬಂದು ನಡೆದದ್ದೇನೆಂದು ಹೇಳಬೇಕು. ಗಂಟೆಗಳು ಉರುಳಿದವು. ಅವರಿಗೆ ಸಮಾಧಾನವಾಗುವಂತೆ ಮಾತಾಡಬಲ್ಲ ಅಧಿಕಾರಿ ಬರಲಿಲ್ಲ. ಹೆಂಗಸರು, ಮಕ್ಕಳು ಮನೆಗೆ ಹೊರಟ ಹೊತ್ತಿಗೆ ಬೇರೆಯೇ ಗುಂಪು ಸೇರಿತ್ತು. ರಾತ್ರಿ ಎಂಟು ಗಂಟೆಯ ನಂತರ ಎರಡು ಪೊಲೀಸ್ ಕಾರುಗಳಿಗೆ ಬೆಂಕಿ ಬಿತ್ತು. ಆಮೇಲೆ ಬಸ್ಸಿಗೆ, ಅಂಗಡಿಗಳಿಗೆ. ಕೆಳಗೆ ನೆಲಹಾಸಿನ ಅಂಗಡಿ, ಮೇಲೆ ಸಂಸಾರಗಳಿದ್ದ ಮನೆಗಳ ಒಂದು ಹಳೆಯ ಕಟ್ಟಡ ಪೂರ್ತಿ ಉರಿದುಹೋಯಿತು. ಆ ಸಂಸಾರಗಳು ಡಗನ್‌ಗಾಗಲಿ ಪೊಲೀಸರಿಗಾಗಲಿ ಏನೂ ಆಗಬೇಕಾದವರಲ್ಲ.

ಭಾನುವಾರ ಬ್ರಿಕ್ಸ್‌ಟನ್, ಎನ್‌ಫೀಲ್ಡ್. ಸೋಮವಾರ ಹ್ಯಾಕ್ನಿ, ಪೆಕ್ಕಮ್, ಕ್ಲಾಪಮ್, ಈಲಿಂಗ್, ಕ್ರಾಯ್ಡನ್; ಲಂಡನ್ನಿನಾಚೆ ಬರ್ಮಿಂಗ್‌ಹ್ಯಾಮ್. ಮಂಗಳವಾರ ಮ್ಯಾಂಚೆಸ್ಟರ್, ಸಾಲ್ಫರ್ಡ್, ನಾಟಿಂಗ್‌ಹ್ಯಾಮ್. ಇಟಲಿಯಲ್ಲಿ ರಜೆಯಲ್ಲಿದ್ದ ಪ್ರಧಾನಿ ಡೇವಿಡ್ ಕ್ಯಾಮರಾನ್ ಓಡಿಬಂದರು. ಲಂಡನ್ನಿನ ಬೀದಿಗಳಲ್ಲಿ ಪೊಲೀಸರ ಸಂಖ್ಯೆಯನ್ನು 6,000ದಿಂದ 16,000ಕ್ಕೆ ಏರಿಸಿದ ಮೇಲೆ ರಾಜಧಾನಿ ಶಾಂತವಾಯಿತು. ಅಷ್ಟರೊಳಗೆ ದೇಶದಲ್ಲಿ ಐವರು ಸತ್ತಿದ್ದರು. 1867ರಲ್ಲಿ ಸ್ಥಾಪನೆಯಾಗಿ, ಎರಡು ಮಹಾಯುದ್ಧಗಳನ್ನು ಕಂಡು ಉಳಿದಿದ್ದ ಕ್ರಾಯ್ಡನ್‌ನ ರೀವ್ಸ್ ಪೀಠೋಪಕರಣದ ಅಂಗಡಿ ಒಂದೇ ಸಂಜೆಯಲ್ಲಿ ಬೂದಿಯಾಗಿತ್ತು.

ಇಷ್ಟು ಬೇಗ ಹೇಗೆ ಹಬ್ಬಿತು? ಇಲ್ಲಿ ಮೊಬೈಲಿನ ಪಾತ್ರವನ್ನು ಒಪ್ಪಲೇಬೇಕು. ಸೋಜಿಗವೆಂದರೆ, ಮೊದಲು ಎಲ್ಲರೂ ಫೇಸ್‌ಬುಕ್, ಟ್ವಿಟ್ಟರ್‌ಗಳನ್ನು ಬೈದರು. ಕೆಲಸ ಮಾಡಿದ್ದು ಬೇರೆಯೇ ಸಾಧನ. ಬ್ಲ್ಯಾಕ್‌ಬೆರಿ ಎಂಬ ಕೆನಡಾದ ಫೋನು ಮೂಲತಃ ದೊಡ್ಡ ಕಂಪನಿಗಳ ಅಧಿಕಾರಿಗಳಿಗಾಗಿ ಹುಟ್ಟಿದ್ದು. ಆದರೆ ಅದರ ಅಗ್ಗದ ಮಾದರಿಗಳು ಬ್ರಿಟನ್ನಿನ ಹದಿಹರೆಯದವರಿಗೆ ಅಚ್ಚುಮೆಚ್ಚಾಗಿದ್ದವು. ಸ್ಮಾರ್ಟ್‌ಫೋನ್ ಇದ್ದ ಹದಿಹರೆಯದವರಲ್ಲಿ 37 ಶೇಕಡಾ ಮಂದಿಯ ಕೈಯಲ್ಲಿ ಅದೇ ಇತ್ತೆಂದು ಅಲ್ಲಿನ ಸಂವಹನ ಪ್ರಾಧಿಕಾರ ಆ ತಿಂಗಳಲ್ಲೇ ವರದಿ ಮಾಡಿತ್ತು. ಕಾರಣ ಸರಳ: ಅದರ ಮೆಸೆಂಜರ್‌ನಲ್ಲಿ ಸಂದೇಶಕ್ಕೆ ಬೇರೆ ಕಾಸು ಬೀಳುತ್ತಿರಲಿಲ್ಲ, ಒಂದೇ ಗುಂಡಿ ಒತ್ತಿದರೆ ಪರಿಚಯದವರೆಲ್ಲರಿಗೂ ಒಟ್ಟಿಗೆ ತಲುಪುತ್ತಿತ್ತು, ಹೊರಗಿನವರ ಕಣ್ಣಿಗೆ ಬೀಳುತ್ತಿರಲಿಲ್ಲ. ಮುಂದಿನ ಲೂಟಿ ಯಾವ ರಸ್ತೆಯಲ್ಲಿ, ಎಷ್ಟು ಗಂಟೆಗೆ ಎಂಬ ಸಂದೇಶಗಳು ಹೀಗೆ ಹರಿದಾಡಿದವು. ಪೊಲೀಸರು ಒಂದು ಬೀದಿಗೆ ಬರುವಷ್ಟರಲ್ಲಿ ಗುಂಪು ಇನ್ನೊಂದು ಬೀದಿಯಲ್ಲಿರುತ್ತಿತ್ತು. 1985ರಲ್ಲಿ ಒಂದು ಬಡಾವಣೆಗೆ ಸೀಮಿತವಾಗಿದ್ದ ಸಿಟ್ಟು 2011ರಲ್ಲಿ ನಾಲ್ಕೇ ದಿನಗಳಲ್ಲಿ ದೇಶವನ್ನು ಸುತ್ತಿದ್ದಕ್ಕೆ ಈ ವೇಗವೂ ಒಂದು ಕಾರಣ. (ಅದಕ್ಕೂ ಒಂದು ವರ್ಷ ಮೊದಲು, 2010ರಲ್ಲಿ, ಇದೇ ಗೋಪ್ಯ ಸಂದೇಶಗಳನ್ನು ಓದಲು ಅವಕಾಶ ಕೊಡಬೇಕೆಂದು ನಮ್ಮ ಭಾರತ ಸರಕಾರವೂ ಆ ಕಂಪನಿಯೊಡನೆ ಜಗ್ಗಾಡಿತ್ತು. ಆ ಮೆಸೆಂಜರ್‌ನ ಸಾರ್ವಜನಿಕ ಸೇವೆ 2019ರಲ್ಲಿ ಮುಚ್ಚಿಹೋಯಿತು.)

ಟ್ವಿಟ್ಟರ್‌ನ ಕಥೆ ಬೇರೆ. ಗಾರ್ಡಿಯನ್ ಪತ್ರಿಕೆಯೂ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸಂಸ್ಥೆಯೂ ಕೂಡಿ ನಡೆಸಿದ ಅಧ್ಯಯನದಲ್ಲಿ 26 ಲಕ್ಷ ಟ್ವೀಟುಗಳನ್ನು ಪರಿಶೀಲಿಸಲಾಯಿತು. ಮೃಗಾಲಯದಿಂದ ಹುಲಿ ತಪ್ಪಿಸಿಕೊಂಡಿದೆ, ಥೇಮ್ಸ್ ದಡದ ಲಂಡನ್ ಐ ಎಂಬ ದೈತ್ಯ ಚಕ್ರಕ್ಕೆ ಬೆಂಕಿ ಬಿದ್ದಿದೆ, ಬರ್ಮಿಂಗ್‌ಹ್ಯಾಮ್‌ನ ಮಕ್ಕಳ ಆಸ್ಪತ್ರೆಗೆ ಗಲಭೆಕೋರರು ನುಗ್ಗಿದ್ದಾರೆ ಎಂಬ ಗಾಳಿಸುದ್ದಿಗಳು ಅಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿದ್ದು ನಿಜ. ಅದು ಸುಳ್ಳೆಂದು ತಿಳಿಸುವ ಮಾತುಗಳೂ ಅಲ್ಲೇ ಹಬ್ಬಿದವು. ಲೂಟಿಗೆ ಕರೆಯುವುದಕ್ಕಿಂತ, ಮರುದಿನ ಬೀದಿ ಗುಡಿಸಲು ಕರೆಯುವುದಕ್ಕೇ ಆ ತಾಣ ಹೆಚ್ಚು ಒದಗಿತೆಂದು ಅಧ್ಯಯನಕಾರರು ಕಂಡುಕೊಂಡರು. ಆಗಸ್ಟ್ 9ರಂದು ಕ್ಲಾಪಮ್ ಜಂಕ್ಷನ್ನಿನಲ್ಲಿ ನೂರಾರು ಜನ ಪೊರಕೆಗಳನ್ನು ಮೇಲೆತ್ತಿ ನಿಂತ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು.

ಇನ್ನು ಅಂಗಿಯ ವಿಚಾರ. ತಲೆಗೆ ಮುಸುಕು ಹಾಕಿಕೊಳ್ಳಬಹುದಾದ ‘ಹುಡಿ’ ಎಂಬ ಅಂಗಿ ಆ ಕಾಲದ ಬ್ರಿಟನ್ನಿನಲ್ಲಿ ನಮ್ಮ ಜೂಟ್ ಸೂಟಿನ ಸ್ಥಾನವನ್ನೇ ಪಡೆದಿತ್ತು. 2005ರಲ್ಲಿ ಕೆಂಟ್ ಪ್ರಾಂತ್ಯದ ಬ್ಲೂವಾಟರ್ ಎಂಬ ಬೃಹತ್ ಮಳಿಗೆ ಸಮುಚ್ಚಯ ಆ ಮುಸುಕನ್ನು ನಿಷೇಧಿಸಿತು, ಅದೇ ಮಳಿಗೆಗಳಲ್ಲಿ ಆ ಅಂಗಿ ಮಾರಾಟಕ್ಕಿದ್ದರೂ ಸಹ! ಅದರ ಜೊತೆಗೆ ‘ಗ್ರೈಮ್’ ಎಂಬ ಸಂಗೀತ. ಪೂರ್ವ ಲಂಡನ್ನಿನ ವಸತಿ ಸಮುಚ್ಚಯಗಳಲ್ಲಿ, ಪರವಾನಗಿಯಿಲ್ಲದ ರೇಡಿಯೊ ಕೇಂದ್ರಗಳಲ್ಲಿ ಹುಟ್ಟಿದ ಬಿರುಸಾದ ಪ್ರಾಸಗಳ ಹಾಡು ಅದು. ನನ್ನ ಕಿವಿಗೆ ಅದು ಒಗ್ಗುವುದಿಲ್ಲ. ಅದು ಬೇರೆ ಮಾತು. 2003ರಲ್ಲಿ ಆ ಪರಂಪರೆಯ ಹುಡುಗನೊಬ್ಬ, ಡಿಜ್ಜಿ ರ‍್ಯಾಸ್ಕಲ್, ದೇಶದ ಪ್ರತಿಷ್ಠಿತ ಮರ್ಕ್ಯುರಿ ಪ್ರಶಸ್ತಿ ಗೆದ್ದ. ಎರಡೇ ವರ್ಷಗಳ ನಂತರ ಲಂಡನ್ ಪೊಲೀಸರು ಸಂಗೀತ ಕಾರ್ಯಕ್ರಮಗಳ ‘ಅಪಾಯ’ವನ್ನು ಅಳೆಯಲು 696 ಎಂಬ ನಮೂನೆಯೊಂದನ್ನು ಜಾರಿಗೆ ತಂದರು. ಕರಿಯ ತರುಣರ ಹಾಡಿನ ಕಾರ್ಯಕ್ರಮಗಳೇ ಅದಕ್ಕೆ ಬಲಿಯಾಗುತ್ತವೆಂಬ ದೂರು ಸತತವಾಗಿ ಕೇಳಿಬಂದು, 2017ರಲ್ಲಿ ಅದು ರದ್ದಾಯಿತು.

ಗಲಭೆ ಆಗಷ್ಟೇ ಆರಿತ್ತು, ಟ್ಯೂಡರ್ ಅರಸರ ಬಗ್ಗೆ ಸೊಗಸಾದ ಪುಸ್ತಕಗಳನ್ನು ಬರೆದ ಡೇವಿಡ್ ಸ್ಟಾರ್ಕಿ ಎಂಬ ಇತಿಹಾಸಕಾರರು ದೂರದರ್ಶನದಲ್ಲಿ ಕುಳಿತು, ಬಿಳಿಯರು ಕರಿಯರಾಗಿಬಿಟ್ಟಿದ್ದಾರೆ ಎಂಬರ್ಥದ ಮಾತನ್ನಾಡಿದರು. ಆ ನುಡಿಗಟ್ಟು, ಆ ಉಡುಗೆ, ಆ ಹಾಡು ಬಿಳಿಯ ಹುಡುಗರಿಗೂ ಅಂಟಿ ಅವರನ್ನು ಕೆಡಿಸಿತೆಂಬುದು ಅವರ ವಾದ. ಇತಿಹಾಸಕಾರನೊಬ್ಬನ ಬಾಯಲ್ಲಿ ಇಂಥ ಮಾತು ಬಂದದ್ದು ನನಗೆ ಬೇಸರ ತಂದಿತು. ಹದಿನೆಂಟನೆಯ ಶತಮಾನದ ಲಂಡನ್ನಿನ ಗುಂಪುಗಳು ಯಾರ ಹಾಡು ಕೇಳಿ ಕೆಟ್ಟಿದ್ದವು? 1780ರ ಗಾರ್ಡನ್ ಗಲಭೆಗಳಲ್ಲಿ ನ್ಯೂಗೇಟ್ ಸೆರೆಮನೆಯನ್ನೇ ಸುಟ್ಟವರು ಯಾವ ಹುಡಿ ತೊಟ್ಟಿದ್ದರು? 2011ರಲ್ಲಿಯೂ ಸಾಲ್ಫರ್ಡ್‌ನಲ್ಲಿ ಬೀದಿಗಿಳಿದವರು ಬಹುಪಾಲು ಬಿಳಿಯರೇ. ಪ್ರಧಾನಿಗಳು ‘ಗ್ಯಾಂಗು’ಗಳನ್ನು ದೂರಿದರು, ಬಂಧಿತರಲ್ಲಿ ಗ್ಯಾಂಗಿನ ನಂಟಿದ್ದವರು 13 ಶೇಕಡಾ ಎಂದು ಅವರದೇ ಗೃಹ ಇಲಾಖೆ ಅಕ್ಟೋಬರಿನಲ್ಲಿ ಲೆಕ್ಕ ಕೊಟ್ಟಿತು. ಮೇಲೆ ಹೇಳಿದ ಅಧ್ಯಯನಕ್ಕಾಗಿ ಗಲಭೆಯಲ್ಲಿ ಭಾಗವಹಿಸಿದ 270 ಮಂದಿಯನ್ನು ಮಾತಾಡಿಸಿದಾಗ, 85 ಶೇಕಡಾ ಮಂದಿ ಪೊಲೀಸರ ವರ್ತನೆಯನ್ನು ಮುಖ್ಯ ಕಾರಣವೆಂದು ಎಣಿಸಿದರು. ಬೀದಿಯಲ್ಲಿ ಪದೇಪದೇ ತಡೆದು ಜೇಬು ತಡಕುವ ಅವಮಾನ ಅವರ ಮಾತಿನಲ್ಲಿ ಮತ್ತೆ ಮತ್ತೆ ಬಂತು. ಹಾಗೆಂದು ಎಲ್ಲರೂ ಅವಮಾನಿತರೆಂದೇನೂ ಅಲ್ಲ. ಬಿಟ್ಟಿ ಬೂಟು, ಬಿಟ್ಟಿ ಟಿ.ವಿ. ಸಿಗುತ್ತದೆಂದು ನುಗ್ಗಿದವರೂ ಬೇಕಾದಷ್ಟಿದ್ದರು. ಅವರೇ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದರು.

ನ್ಯಾಯಾಲಯಗಳು ರಾತ್ರಿಯಿಡೀ ಕುಳಿತವು. ರೀವ್ಸ್ ಅಂಗಡಿಗೆ ಬೆಂಕಿಯಿಟ್ಟವನಿಗೆ ಹನ್ನೊಂದೂವರೆ ವರ್ಷ. ಅದು ನ್ಯಾಯವೇ ಸರಿ. ಮೂರೂವರೆ ಪೌಂಡ್ ಬೆಲೆಯ ನೀರಿನ ಬಾಟಲಿಗಳನ್ನು ಕದ್ದ ವಿದ್ಯಾರ್ಥಿಗೆ ಆರು ತಿಂಗಳು. ಫೇಸ್‌ಬುಕ್‌ನಲ್ಲಿ ಗಲಭೆಗೆ ಕರೆ ಕೊಟ್ಟ ಚೆಷೈರ್ ಪ್ರಾಂತ್ಯದ ಇಬ್ಬರು ತರುಣರಿಗೆ ತಲಾ ನಾಲ್ಕು ವರ್ಷ! ಅವರ ಕರೆಯಿಂದ ಎಲ್ಲಿಯೂ ಗಲಭೆ ನಡೆಯಲಿಲ್ಲ. ಕರೆ ಕೊಟ್ಟದ್ದು ಅಪರಾಧವೇ, ಮೇಲ್ಮನವಿಯೂ ವಜಾ ಆಯಿತು. ಆದರೂ ಆ ನಾಲ್ಕು ವರ್ಷಗಳಲ್ಲಿ ಹುಡುಗರ ತಪ್ಪಿನ ತೂಕಕ್ಕಿಂತ ಹೊಸ ಸಾಧನದ ಬಗೆಗಿನ ಹಿರಿಯರ ಅಂಜಿಕೆಯ ತೂಕವೇ ಹೆಚ್ಚೆಂದು ನನ್ನ ಅಭಿಪ್ರಾಯ. ಸಾಮಾಜಿಕ ಜಾಲತಾಣಗಳನ್ನು ಗಲಭೆಯ ಹೊತ್ತಿನಲ್ಲಿ ತಡೆಯಬಹುದೇ ಎಂದು ಸಂಸತ್ತಿನಲ್ಲಿ ಕೇಳಿದ್ದ ಸರಕಾರ, ಎರಡು ವಾರಗಳ ಬಳಿಕ ಕಂಪನಿಗಳೊಡನೆ ಕುಳಿತು ಮಾತಾಡಿ ಆ ಯೋಚನೆಯನ್ನು ಕೈಬಿಟ್ಟಿತು.

ಬರ್ಮಿಂಗ್‌ಹ್ಯಾಮ್‌ನ ಒಂದು ಘಟನೆಯನ್ನು ಹೇಳದೆ ಮುಂದೆ ಹೋಗಲಾರೆ. ಆಗಸ್ಟ್ 10ರ ನಸುಕಿನಲ್ಲಿ ತಮ್ಮ ಬೀದಿಯ ಅಂಗಡಿಗಳನ್ನು ಕಾಯುತ್ತ ನಿಂತಿದ್ದ ಮೂವರು ಏಷ್ಯನ್ ಮೂಲದ ತರುಣರ ಮೇಲೆ ಕಾರು ಹರಿದು ಮೂವರೂ ಸತ್ತರು. ಕರಿಯರ ಮೇಲೆ ಸೇಡು ತೀರಿಸಿಕೊಳ್ಳಬೇಕೆಂಬ ಪಿಸುಮಾತು ಹರಡತೊಡಗಿತ್ತು. ಅಂದೇ ಸತ್ತವರಲ್ಲೊಬ್ಬನ ತಂದೆ, ತನ್ನ ಮಗನನ್ನು ಉಳಿಸಲು ಬೀದಿಯಲ್ಲೇ ಯತ್ನಿಸಿ ಸೋತವರು, ಬೀದಿಯಲ್ಲಿ ನಿಂತು, ಎಲ್ಲರೂ ಶಾಂತರಾಗಿ ಮನೆಗೆ ಹೋಗಿರೆಂದು ಬೇಡಿಕೊಂಡರು. ಯುವಕರು ಹೋದರು. ಆ ರಾತ್ರಿ ಬರ್ಮಿಂಗ್‌ಹ್ಯಾಮ್ ಉರಿಯಲಿಲ್ಲ.

2014ರ ಜನವರಿಯಲ್ಲಿ ಡಗನ್ ಸಾವಿನ ವಿಚಾರಣೆಯ ಪಂಚರು, 8ಕ್ಕೆ 2ರ ಬಹುಮತದಿಂದ, ಪೊಲೀಸರ ಕ್ರಮ ಕಾನೂನುಬದ್ಧವೆಂದರು. ಗುಂಡು ತಗಲಿದಾಗ ಆತನ ಕೈಯಲ್ಲಿ ಬಂದೂಕು ಇರಲಿಲ್ಲವೆಂದೂ ಹೇಳಿದರು. ಒಂದೇ ತೀರ್ಪಿನಲ್ಲಿ ಎರಡು ಮಾತು. ಟಾಟನ್‌ಹ್ಯಾಮ್‌ನವರು ಅದನ್ನು ಹೇಗೆ ಕೇಳಿಸಿಕೊಂಡಿರಬೇಕೆಂದು ನೀವೇ ಊಹಿಸಿ.

ಲಂಡನ್ ಗಲಭೆಯಾಗಿ ಸರಿಯಾಗಿ ಒಂದು ವರ್ಷಕ್ಕೆ ನಮ್ಮ ಬೆಂಗಳೂರಿನಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. 2012ರ ಜುಲೈನಲ್ಲಿ ಅಸ್ಸಾಮಿನ ಕೊಕ್ರಝಾರ್ ಕಡೆ ನಡೆದ ಹಿಂಸಾಚಾರದ ಬಳಿಕ, ಈಶಾನ್ಯ ಭಾರತದವರ ಮೇಲೆ ಇಲ್ಲಿ ದಾಳಿಯಾಗುತ್ತದೆಂಬ ಎಸ್ಸೆಮ್ಮೆಸ್ಸುಗಳು ಹರಿದಾಡಿ, ಆಗಸ್ಟ್ 15ರ ಆಸುಪಾಸಿನ ದಿನಗಳಲ್ಲಿ ಸಾವಿರಾರು ಮಂದಿ ಗಂಟುಮೂಟೆ ಕಟ್ಟಿ ನಗರದ ರೈಲು ನಿಲ್ದಾಣಕ್ಕೆ ನುಗ್ಗಿದರು. ಗುವಾಹಾಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಕೇಂದ್ರ ಸರಕಾರ ದಿನಕ್ಕೆ ಐದಕ್ಕಿಂತ ಹೆಚ್ಚು ಸಂದೇಶ ಕಳಿಸದಂತೆ ದೇಶದಾದ್ಯಂತ ಕೆಲವು ದಿನ ಮಿತಿ ಹಾಕಿತು. ಹೆದರಿದಂತಹ ಹತ್ಯಾಕಾಂಡವೇನೂ ಇಲ್ಲಿ ನಡೆಯಲಿಲ್ಲ. ಆದರೆ ಸುಳ್ಳನ್ನು ಅವರು ನಂಬಿದ್ದೇಕೆ? ಹೋಟೆಲಿನಲ್ಲಿ ತಟ್ಟೆ ತಂದಿಡುವ, ಅಂಗಡಿಯ ಬಾಗಿಲು ಕಾಯುವ ಆ ಹುಡುಗ ಹುಡುಗಿಯರನ್ನು ಅವರ ಮುಖ ನೋಡಿ, ಕೂದಲಿನ ಕಟ್ಟು ನೋಡಿ ಬೀದಿಯಲ್ಲಿ ಏನೆಂದು ಕೂಗುತ್ತಿದ್ದರೆಂಬುದು ಬೆಂಗಳೂರಿನವರಿಗೆ ಗೊತ್ತು. ಎಸ್ಸೆಮ್ಮೆಸ್ಸು ಬರುವ ಮೊದಲೇ ಆ ಹೆದರಿಕೆ ಅವರೊಳಗೆ ಮನೆ ಮಾಡಿತ್ತು.

2024ರ ಜುಲೈ 29ರಂದು ಇಂಗ್ಲೆಂಡಿನ ಸೌತ್‌ಪೋರ್ಟ್‌ನಲ್ಲಿ ಮೂವರು ಪುಟ್ಟ ಹೆಣ್ಣುಮಕ್ಕಳ ಕೊಲೆಯಾಯಿತು. ಕೊಲೆಗಾರ ಆಶ್ರಯ ಬೇಡಿ ದೋಣಿಯಲ್ಲಿ ಬಂದವನೆಂಬ ಸುದ್ದಿ, ಒಂದು ಕಲ್ಪಿತ ಹೆಸರಿನ ಸಮೇತ, ಕೆಲವೇ ಗಂಟೆಗಳಲ್ಲಿ ಲಕ್ಷಾಂತರ ಮಂದಿಗೆ ತಲುಪಿತು. ಮರುದಿನ ಸಂಜೆ ಆ ಊರಿನ ಮಸೀದಿಯ ಮೇಲೆ ಕಲ್ಲು ಬಿತ್ತು. ಆರೋಪಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಹುಟ್ಟಿದ ಹದಿನೇಳರ ಹುಡುಗ. ಅಪ್ರಾಪ್ತನ ಹೆಸರು ಪ್ರಕಟಿಸಬಾರದೆಂಬ ನಿಯಮವಿದ್ದರೂ ವದಂತಿ ನಿಲ್ಲಲೆಂದು ನ್ಯಾಯಾಧೀಶರು ಆಗಸ್ಟ್ 1ರಂದು ನಿಜವಾದ ಹೆಸರನ್ನು ಪ್ರಕಟಿಸಲು ಅನುಮತಿಯಿತ್ತರು. ಆಗಸ್ಟ್ 4ರಂದು ರಾಥರ್‌ಹ್ಯಾಮ್ ಬಳಿ, 200ಕ್ಕೂ ಹೆಚ್ಚು ಆಶ್ರಯಾರ್ಥಿಗಳಿದ್ದ ಹೋಟೆಲೊಂದರ ಬಾಗಿಲಿಗೆ ಗುಂಪು ಬೆಂಕಿ ಹಚ್ಚಿತು. ಹೆಸರು ತಿಳಿದು ಆಗಲೇ ಮೂರು ದಿನವಾಗಿತ್ತು.

ನಿಮ್ಮಲ್ಲಿ ಆಗ ಲಂಡನ್ನಿನಲ್ಲೋ ಬರ್ಮಿಂಗ್‌ಹ್ಯಾಮ್‌ನಲ್ಲೋ ಇದ್ದವರಿದ್ದರೆ, ಅಥವಾ 2012ರ ಆ ದಿನಗಳಲ್ಲಿ ಬೆಂಗಳೂರಿನ ರೈಲು ನಿಲ್ದಾಣದಲ್ಲಿದ್ದವರಿದ್ದರೆ, ಕಣ್ಣಾರೆ ಕಂಡದ್ದನ್ನು ನನಗೆ ಬರೆದು ತಿಳಿಸಿರಿ.